ಎಚ್‌ಎಫ್-24 ಮರುತ್ ಆಡ್-ಆನ್: ಬೇರೆಯವರ ಫೋಟೋವನ್ನು ಟೆಕ್ಸ್ಚರ್‌ಗೆ ಎಲ್ಲಿವರೆಗೆ ಬಳಸಬಹುದು?

ರನ್‌ವೇ27

ಎಕ್ಸ್-ಪ್ಲೇನ್ 12 ಎಂಬ ಫ್ಲೈಟ್ ಸಿಮ್ಯುಲೇಟರ್‌ಗೆ ಎಚ್‌ಎಎಲ್‌ನ ಹಳೆಯ ಯುದ್ಧವಿಮಾನ ಎಚ್‌ಎಫ್-24 ಮರುತ್ ಅನ್ನು ಆಡ್-ಆನ್ (ಸೇರಿಸಿಕೊಳ್ಳುವ ಹೆಚ್ಚುವರಿ ವಿಮಾನ) ಆಗಿ ಮಾಡುತ್ತಿದ್ದೇನೆ. ಉಚಿತವಾಗಿ ಹಂಚುವ ಉದ್ದೇಶ. ಆಮೇಲೆ ಫ್ಲೈಟ್‌ಗಿಯರ್ ಎಂಬ ಮುಕ್ತ ಸಿಮ್ಯುಲೇಟರ್‌ಗೂ ಕೊಡಬೇಕೆಂದಿದೆ. 3ಡಿ ತಂತ್ರಾಂಶ ಬ್ಲೆಂಡರ್‌ನಲ್ಲಿ ಮೆಶ್ (ವಿಮಾನದ ಮೂರು ಆಯಾಮದ ಆಕಾರ) ಮುಗಿದಿದೆ, ಯುವಿ (ಆ ಮೈಯನ್ನು ಚಪ್ಪಟೆಯಾಗಿ ಹರಡಿದ ನಕ್ಷೆ) ಬಿಡಿಸಿಟ್ಟಿದ್ದೇನೆ. ಹೊರಮೈಗೆ 4096 ಪಿಕ್ಸೆಲ್‌ನ ಒಂದು ಟೆಕ್ಸ್ಚರ್ ಹಾಳೆ (ಮೆಶ್‌ಗೆ ಹೊದಿಸುವ ಚಿತ್ರ), ಕಾಕ್‌ಪಿಟ್‌ಗೆ ಇನ್ನೊಂದು. ಇನ್ನು ಬಣ್ಣದ ಕೆಲಸ.

ಫೋಲ್ಡರ್‌ನಲ್ಲಿರುವ ಚಿತ್ರಗಳು ನಾಲ್ಕು ಥರ:

1. ಸ್ಪಾಟಿಂಗ್ ಸೈಟುಗಳಿಂದ (ವಿಮಾನಗಳ ಫೋಟೋ ತೆಗೆಯುವ ಹವ್ಯಾಸಿಗಳ ತಾಣಗಳು) ಇಳಿಸಿಕೊಂಡವು. ಕೆಳಗೆ ಛಾಯಾಗ್ರಾಹಕರ ಹೆಸರಿನ ಪಟ್ಟಿ ಇರುತ್ತದಲ್ಲ, ಅಂಥವು.
2. ವಿಕಿಮೀಡಿಯ ಕಾಮನ್ಸ್‌ನವು. ಮ್ಯೂನಿಕ್ ಹತ್ತಿರದ ಷ್ಲೈಸ್‌ಹೈಮ್ ಸಂಗ್ರಹಾಲಯದಲ್ಲಿ ನಿಂತಿರುವ ಮರುತ್‌ನ ಚಿತ್ರಗಳೇ ಜಾಸ್ತಿ.
3. 1961ರ ಜೂನ್ 17ರ ಮೊದಲ ಹಾರಾಟದ ಆಸುಪಾಸಿನ ಕಪ್ಪು-ಬಿಳುಪು ಚಿತ್ರಗಳು, ಹಳೆಯ ಪ್ರಕಟಣೆಗಳಿಂದ ಸ್ಕ್ಯಾನ್ ಮಾಡಿದವು.
4. ಬೆಂಗಳೂರಿನ ಎಚ್‌ಎಎಲ್ ಸಂಗ್ರಹಾಲಯದಲ್ಲಿ ನಾನೇ ಮೊಬೈಲ್‌ನಲ್ಲಿ ತೆಗೆದವು.

ಪಕ್ಕದಿಂದ ತೆಗೆದ ಒಂದು ಒಳ್ಳೆಯ ಫೋಟೋವನ್ನು ನೇರವಾಗಿ ಮೆಶ್ ಮೇಲೆ ಪ್ರೊಜೆಕ್ಟ್ ಮಾಡಿ, ಓದಿಕೊಳ್ಳುವ (ರೀಡ್‌ಮಿ) ಕಡತದಲ್ಲಿ ಛಾಯಾಗ್ರಾಹಕರ ಹೆಸರು ಹಾಕಿದರೆ ಸಾಕೇ? ಅಂಟಿಸದೆ ಬರೀ ನೋಡಿಕೊಂಡು ಬಿಡಿಸಿದರೆ? ಮಾಪಕಗಳ ಮುಖಗಳನ್ನು ಕಾಕ್‌ಪಿಟ್ ಫೋಟೋದಿಂದ ಕತ್ತರಿಸಿ ತೆಗೆಯಬಹುದೇ? 1961ರ ಚಿತ್ರಗಳು ಈಗ ಎಲ್ಲರ ಸ್ವತ್ತೇ?

ಟೆಕ್ಸೆಲ್_ತಿಪ್ಪ

ಕಾನೂನಿನ ಮಾತು ಬೇರೆಯವರು ಹೇಳುತ್ತಾರೆ. ಅದನ್ನು ಬದಿಗಿಟ್ಟು ನೋಡಿದರೂ ಫೋಟೋ ಅಂಟಿಸುವುದು ನಷ್ಟದ ಕೆಲಸ. ಲೆಕ್ಕ ಹಾಕಿ. ಮರುತ್‌ನ ಉದ್ದ 15.87 ಮೀಟರ್. ಮೂತಿಯಿಂದ ಬಾಲದವರೆಗೆ 4096 ಪಿಕ್ಸೆಲ್ ಹರಡಿದರೆ ಮೀಟರಿಗೆ ಸುಮಾರು 258 ಪಿಕ್ಸೆಲ್ ಬೀಳುತ್ತದೆ. ಸ್ಪಾಟಿಂಗ್ ಸೈಟಿನ ಚಿತ್ರದಲ್ಲಿ ವಿಮಾನ ಹೆಚ್ಚೆಂದರೆ 1400 ಪಿಕ್ಸೆಲ್ ಅಗಲ ಇದ್ದೀತು, ಅಂದರೆ ಮೀಟರಿಗೆ 88. ಮೂರು ಪಟ್ಟು ಹಿಗ್ಗಿಸಬೇಕು. ಜೆಪೆಗ್‌ನ 8×8 ಚೌಕಗಳು, ಶಾರ್ಪನ್ ಮಾಡಿದಾಗ ಅಂಚಿನಲ್ಲಿ ಬರುವ ಬಿಳಿ ಗೆರೆ, ಎಲ್ಲವೂ ಅದರ ಜೊತೆಗೇ ಹಿಗ್ಗುತ್ತವೆ.

ಇದಕ್ಕಿಂತ ದೊಡ್ಡ ತೊಂದರೆ ಬೆಳಕಿನದು. ಪಿಬಿಆರ್ (ನಿಜವಾದ ಬೆಳಕಿನ ವರ್ತನೆಯನ್ನು ಅನುಕರಿಸುವ) ಪದ್ಧತಿಯಲ್ಲಿ ಬಣ್ಣದ ಹಾಳೆಯಲ್ಲಿ ಬಣ್ಣ ಮಾತ್ರ ಇರಬೇಕು; ನೆರಳು, ಹೊಳಪು, ಆಕಾಶದ ಪ್ರತಿಬಿಂಬ ಎಲ್ಲವನ್ನೂ ಸಿಮ್ಯುಲೇಟರ್ ತಾನೇ ಹಾಕುತ್ತದೆ. ಫೋಟೋದಲ್ಲಿ ಇವೆಲ್ಲ ಆಗಲೇ ಬೆರೆತಿವೆ. ಅದನ್ನು ಅಂಟಿಸಿದರೆ ನಡುರಾತ್ರಿ ಹಾರಿಸಿದಾಗಲೂ ಬೆನ್ನಿನ ಮೇಲೆ ಮಧ್ಯಾಹ್ನದ ಬಿಸಿಲಿನ ಗೆರೆ ಕೂತಿರುತ್ತದೆ. ಹೊಟ್ಟೆಯ ಕೆಳಗಿನ ನೆರಳು ಎರಡೆರಡು ಸಲ ಬಿದ್ದು ಕಪ್ಪು ಕಟ್ಟುತ್ತದೆ. ಎಡಬದಿಯ ಫೋಟೋವನ್ನೇ ಕನ್ನಡಿ ತಿರುಗಿಸಿ ಬಲಕ್ಕೆ ಹಾಕುವವರಿದ್ದಾರೆ. ಆಗ ಅಕ್ಷರ ಉಲ್ಟಾ ಆಗುವುದು ಹಾಗಿರಲಿ, ಒಂದೇ ಎಣ್ಣೆ ಕಲೆ ಎರಡೂ ಬದಿಯಲ್ಲಿ ಕಾಣಿಸಿ ಗುಟ್ಟು ರಟ್ಟಾಗುತ್ತದೆ.

ನಾನಾದರೆ ಹೀಗೆ ಮಾಡುತ್ತೇನೆ. ಯುವಿ ನಕ್ಷೆಯನ್ನು ಎಸ್‌ವಿಜಿ ಆಗಿ ಹೊರತೆಗೆದು ಇಂಕ್‌ಸ್ಕೇಪ್‌ನಲ್ಲಿ ತೆರೆಯುವುದು. ಪ್ಯಾನೆಲ್ ಗೆರೆ, ಬಾಗಿಲು, ಮುಚ್ಚಳ, ಗುರುತು, ಅಕ್ಷರ ಎಲ್ಲವನ್ನೂ ವೆಕ್ಟರ್‌ನಲ್ಲೇ (ಎಷ್ಟು ಹಿಗ್ಗಿಸಿದರೂ ಮಸುಕಾಗದ ಗೆರೆಗಳಲ್ಲಿ) ಬಿಡಿಸುವುದು. ನಾಳೆ ಹಾಳೆಯನ್ನು 8192ಕ್ಕೆ ಏರಿಸಬೇಕಾದರೂ ಮತ್ತೆ ಬಿಡಿಸುವ ಕಷ್ಟವಿಲ್ಲ. ನಿಜವಾದ ಪ್ಯಾನೆಲ್ ಸಂದು ಒಂದೆರಡು ಮಿಲಿಮೀಟರ್ ಇರುತ್ತದೆ. ಮೀಟರಿಗೆ 258 ಪಿಕ್ಸೆಲ್ ಲೆಕ್ಕದಲ್ಲಿ ಹೆಚ್ಚೆಂದರೆ ಅರ್ಧ ಪಿಕ್ಸೆಲ್ ಆಗುತ್ತದೆ. ಆದ್ದರಿಂದ 1 ಪಿಕ್ಸೆಲ್ ಗೆರೆ ಎಳೆದು ಅಪಾರದರ್ಶಕತೆಯನ್ನು 30-40 ಶೇಕಡಕ್ಕೆ ಇಳಿಸಿ. ಕಡು ಕಪ್ಪು ಗೆರೆ ಹಾಕಿದರೆ ಪ್ಲಾಸ್ಟಿಕ್ ಆಟಿಕೆಯಾಗುತ್ತದೆ. 5 ಮಿಲಿಮೀಟರ್ ರಿವೆಟ್ ತಲೆ ಸುಮಾರು 1.3 ಪಿಕ್ಸೆಲ್. ಅದು ಬಣ್ಣದ ಹಾಳೆಯಲ್ಲಿ ಬೇಡವೇ ಬೇಡ, ನಾರ್ಮಲ್ ಮ್ಯಾಪ್‌ನಲ್ಲಿ (ಮೈಯ ಉಬ್ಬುತಗ್ಗು ತಿಳಿಸುವ ಹಾಳೆ) ಸಣ್ಣ ಉಬ್ಬಾಗಿ ಇದ್ದರೆ ಸಾಕು.

ಎಕ್ಸ್-ಪ್ಲೇನ್‌ನಲ್ಲಿ ನಾರ್ಮಲ್ ಮ್ಯಾಪ್‌ನ ಕೆಂಪು, ಹಸಿರು ಚಾನೆಲ್‌ಗಳು ಉಬ್ಬುತಗ್ಗಿಗೆ, ನೀಲಿ ಲೋಹತ್ವಕ್ಕೆ, ಆಲ್ಫಾ ನುಣುಪಿಗೆ. ಆಬ್ಜೆಕ್ಟ್ ಕಡತದಲ್ಲಿ ನಾರ್ಮಲ್-ಮೆಟಲ್‌ನೆಸ್ ಸಾಲು ಇರಲೇಬೇಕು, ಇಲ್ಲದಿದ್ದರೆ ನೀಲಿಯನ್ನು ಲೋಹವೆಂದು ಓದುವುದಿಲ್ಲ. ಬರಿಯ ಲೋಹದ ಭಾಗ, ಬಾಲದ ಕೊಳವೆಗಳು, ಇಲ್ಲೆಲ್ಲ ಕೆಲಸ ಮಾಡುವುದು ಈ ಎರಡು ಚಾನೆಲ್. ಇದನ್ನು ಯಾವ ಫೋಟೋವೂ ಕೊಡುವುದಿಲ್ಲ. ಬಿಳಿ ಬಣ್ಣಕ್ಕೆ 255 ಹಾಕಬೇಡಿ, 230ರ ಆಸುಪಾಸು ನಿಲ್ಲಿಸಿ. ಇಲ್ಲವಾದರೆ ಬಿಸಿಲಿನಲ್ಲಿ ವಿವರವೆಲ್ಲ ಸುಟ್ಟುಹೋಗುತ್ತದೆ.

ಕೊಳೆಯನ್ನು ಫೋಟೋದಿಂದ ಎತ್ತುವ ಆಸೆ ಎಲ್ಲರಿಗೂ ಬರುತ್ತದೆ. ಕೊಳೆ ಎಲ್ಲಿಂದ ಬರುತ್ತದೆ ಎಂದು ಗೊತ್ತಿದ್ದರೆ ಆ ಆಸೆ ಬೇಕಾಗಿಲ್ಲ. ಮರುತ್‌ಗೆ ಮೂತಿಯಲ್ಲಿ ನಾಲ್ಕು 30 ಮಿಲಿಮೀಟರ್ ಏಡನ್ ತೋಪುಗಳು. ಅವುಗಳ ಬಾಯಿಯಿಂದ ಹಿಂದಕ್ಕೆ ಮಸಿ. ಎರಡು ಆರ್ಫಿಯಸ್ ಎಂಜಿನ್‌ಗಳ ವಿಭಾಗದ ಕೆಳಗೆ ಡ್ರೈನ್ ತೂತುಗಳಿಂದ ಇಳಿದು, ಗಾಳಿಯ ದಿಕ್ಕಿನಲ್ಲಿ ಹಿಂದಕ್ಕೆ ಎಳೆದ ಎಣ್ಣೆ. ಚಕ್ರದ ಗೂಡಿನ ಹಿಂದೆ ಕೆಸರು. ಪೈಲಟ್ ಹತ್ತಿಳಿಯುವ ಕಡೆ ಬಣ್ಣ ಸವೆತ. ತಿಳಿ ಕಂದು ಬಣ್ಣದಲ್ಲಿ, ಮೃದು ಬ್ರಷ್‌ನಿಂದ, ಮೂರು ಪದರ ತೆಳ್ಳಗೆ ಹಾಕಿ. ಆ ಕೊಳೆಯ ಆಕಾರವನ್ನೇ ಮಾಸ್ಕ್ ಮಾಡಿ ನುಣುಪಿನ ಚಾನೆಲ್‌ಗೂ ಹಾಕಿ ಹೊಳಪು ಇಳಿಸಿ. ಬಣ್ಣಕ್ಕೆ ಮಾತ್ರ ಹಾಕಿ ನುಣುಪು ಮರೆತರೆ ಕೊಳೆಯೂ ಮಿರಿಮಿರಿ ಮಿಂಚುತ್ತದೆ.

ಮಾಪಕಗಳದೂ ಇದೇ ದಾರಿ. ಮುಖವನ್ನು ವೆಕ್ಟರ್‌ನಲ್ಲಿ ಬಿಡಿಸಿ, ಮುಳ್ಳು ಬೇರೆ ವಸ್ತು, ಗಾಜು ಬೇರೆ. ಫೋಟೋದಿಂದ ಕತ್ತರಿಸಿದರೆ ಅದರಲ್ಲಿರುವ ಮುಳ್ಳನ್ನು ಅಳಿಸಲೇ ಅರ್ಧ ದಿನ ಬೇಕು. ಅಕ್ಷರದ ಫಾಂಟ್‌ಗೂ ಪರವಾನಗಿ ಇರುತ್ತದೆ. ಓಪನ್ ಫಾಂಟ್ ಲೈಸೆನ್ಸ್ ಇರುವುದನ್ನು ಆರಿಸಿ.

ಗಾಳಿಪಟ_ಹುಬ್ಬಳ್ಳಿ

ತಿಪ್ಪ ಅವರು ಹೇಳೂದು ಖರೆ ಐತ್ರಿ, ಆದ್ರ ಎಲ್ಲಾರಿಗೂ ಅಷ್ಟು ಬಿಡಿಸಾಕ ಬರೂದಿಲ್ಲ. ಇದು ಫುಕಟ್ ಕೊಡೂ ಆಡ್-ಆನ್. ಒಂದು ರೂಪಾಯಿ ಗಳಿಕಿ ಇಲ್ಲ. ಫೋಟೋದಾಗ 30 ಪರ್ಸೆಂಟ್ ಬದಲಿ ಮಾಡಿ, ಕೆಳಗಿನ ಪಟ್ಟಿ ಕತ್ತರಿಸಿ, ಕ್ರೆಡಿಟ್ ಹಾಕಿದ್ರ ಯಾರು ಕೇಳ್ತಾರ?

ಕಲಂ_14ಸಿ

ಗಾಳಿಪಟ ಅವರೇ, ನಿಮ್ಮ ಒಂದೇ ವಾಕ್ಯದಲ್ಲಿ ನಾಲ್ಕು ತಪ್ಪು ನಂಬಿಕೆಗಳಿವೆ. ಒಂದೊಂದಾಗಿ ಬಿಡಿಸೋಣ.

ಭಾರತದ ಕೃತಿಸ್ವಾಮ್ಯ ಕಾಯ್ದೆ 1957ರಲ್ಲಿ ಫೋಟೋ ಕಲಾಕೃತಿ, ತೆಗೆದವರೇ ಅದರ ಕರ್ತೃ. ನೋಂದಣಿ ಬೇಕಿಲ್ಲ, ಚಿಹ್ನೆ ಬೇಕಿಲ್ಲ, ಹೆಸರಿನ ಪಟ್ಟಿಯೂ ಬೇಕಿಲ್ಲ. ಪ್ರತಿ ಮಾಡುವ, ಸಾರ್ವಜನಿಕರಿಗೆ ಹಂಚುವ, ಮಾರ್ಪಡಿಸುವ ಹಕ್ಕು 14(ಸಿ) ಕಲಂ ಪ್ರಕಾರ ಒಡೆಯರಿಗೆ ಮಾತ್ರ. ದುಡ್ಡು ಗಳಿಸಿದರೆ ಮಾತ್ರ ಉಲ್ಲಂಘನೆ ಎಂದು ಎಲ್ಲೂ ಇಲ್ಲ. ‘30 ಪರ್ಸೆಂಟ್’ ಎಂಬ ಅಳತೆ ಯಾವ ಕಾಯ್ದೆಯಲ್ಲೂ ಇಲ್ಲ. ಬದಲಾಯಿಸುವುದೂ ಮಾರ್ಪಾಡೇ, ಅದಕ್ಕೂ ಅನುಮತಿ ಬೇಕು. ಕ್ರೆಡಿಟ್ ಹಾಕುವುದು 57ನೇ ಕಲಮಿನ ನೈತಿಕ ಹಕ್ಕಿಗೆ ಸಂಬಂಧಿಸಿದ್ದು. ಅದು ಅನುಮತಿಯ ಬದಲಿಯಲ್ಲ, ಅನುಮತಿಯ ಜೊತೆಗೆ ಸಲ್ಲಬೇಕಾದದ್ದು. ಇನ್ನು ಪಟ್ಟಿ ಕತ್ತರಿಸುವುದು: ಹಕ್ಕು ನಿರ್ವಹಣೆಯ ಮಾಹಿತಿಯನ್ನು ತಿಳಿದೂ ತೆಗೆದುಹಾಕುವುದಕ್ಕೆ 65ಬಿ ಕಲಂ ಪ್ರತ್ಯೇಕವಾಗಿ ಎರಡು ವರ್ಷದವರೆಗೆ ಸೆರೆ ಮತ್ತು ದಂಡ ಹೇಳುತ್ತದೆ. ಅಂಟಿಸಿದ್ದಕ್ಕಿಂತ ಕತ್ತರಿಸಿದ್ದೇ ಹೆಚ್ಚು ಮುಳುವಾಗಬಹುದು, ಏಕೆಂದರೆ ‘ಗೊತ್ತಿರಲಿಲ್ಲ’ ಎನ್ನುವ ಬಾಗಿಲನ್ನು ನೀವೇ ಮುಚ್ಚಿಕೊಂಡಂತೆ.

52(1)(ಎ) ಖಾಸಗಿ ಬಳಕೆಗೆ, ಸಂಶೋಧನೆಗೆ, ವಿಮರ್ಶೆಗೆ, ಸುದ್ದಿಗೆ ನ್ಯಾಯಯುತ ಬಳಕೆಯನ್ನು ಬಿಟ್ಟುಕೊಡುತ್ತದೆ. ನಿಮ್ಮ ಕಂಪ್ಯೂಟರ್‌ನಲ್ಲಿ ನೀವೊಬ್ಬರೇ ಹಾರಿಸಲು ಅಂಟಿಸಿಕೊಂಡರೆ ಅದರೊಳಗೆ ಬರುತ್ತದೆಂದು ವಾದಿಸಬಹುದು. ಅಪ್‌ಲೋಡ್ ಗುಂಡಿ ಒತ್ತಿದ ಕ್ಷಣ ಆ ವಾದ ಮುಗಿಯಿತು. ಅಮೆರಿಕದ ಫೇರ್ ಯೂಸ್‌ನಂಥ ಬಾಯಿ ತೆರೆದ ವಿನಾಯಿತಿ ನಮ್ಮಲ್ಲಿ ಇಲ್ಲ; ಅಲ್ಲಿನ ಯೂಟ್ಯೂಬ್ ವೀಡಿಯೊ ನೋಡಿ ಇಲ್ಲಿ ಧೈರ್ಯ ತಂದುಕೊಳ್ಳಬೇಡಿ.

‘ನೋಡಿ ಬಿಡಿಸಿದರೆ?’ ಎಂಬ ಪ್ರಶ್ನೆಗೆ: ಛಾಯಾಗ್ರಾಹಕರಿಗೆ ಸೇರಿದ್ದು ಅವರ ಚಿತ್ರ, ಅಂದರೆ ಅವರು ಆರಿಸಿದ ಕೋನ, ಬೆಳಕು, ಕ್ಷಣ, ಚೌಕಟ್ಟು. ವಿಮಾನದ ಉದ್ದ, ಪ್ಯಾನೆಲ್ ಗೆರೆ ಇರುವ ಜಾಗ, ಬಾಲದ ಸಂಖ್ಯೆ, ಬಣ್ಣ ಇವೆಲ್ಲ ಸಂಗತಿಗಳು; ಅವುಗಳಿಗೆ ಫೋಟೋ ತೆಗೆದವರು ಒಡೆಯರಲ್ಲ. ಎರಡು ಆಯಾಮದ ಕೃತಿಯನ್ನು ಮೂರು ಆಯಾಮದಲ್ಲಿ ತೋರಿಸುವ ಹಕ್ಕೂ 14(ಸಿ)ಯಲ್ಲಿದೆ, ಇದನ್ನು ಓದಿ ಕೆಲವರು ಹೆದರುತ್ತಾರೆ. ಆದರೆ ನಿಮ್ಮ ಮೆಶ್ ವಿಮಾನದ ರೂಪ, ಫೋಟೋದ ರೂಪವಲ್ಲ. ಹತ್ತು ಫೋಟೋ ನೋಡಿ ಅಳತೆ ಹಿಡಿದು ಬಿಡಿಸಿದರೆ ಚಿಂತೆಯಿಲ್ಲ. ಒಂದೇ ಫೋಟೋದ ಮೇಲೆ ಪಾರದರ್ಶಕ ಹಾಳೆಯಿಟ್ಟು ಅದರ ನೆರಳು-ಹೊಳಪು ಸಮೇತ ತಿದ್ದಿದರೆ ಅದು ಬಿಡಿಸಿದ್ದಲ್ಲ, ನಕಲು. ಮೂರು ನೋಟದ ರೇಖಾಚಿತ್ರಗಳೂ ಯಾರೋ ಬಿಡಿಸಿದ ಕೃತಿಗಳೇ. ಅಳತೆ ತೆಗೆದುಕೊಳ್ಳಿ, ಕೈಪಿಡಿಯೊಳಗೆ ಚಿತ್ರವನ್ನೇ ತುರುಕಬೇಡಿ.

1961ರ ಚಿತ್ರಗಳ ವಿಷಯ ಸ್ವಲ್ಪ ಬಿಕ್ಕಟ್ಟಿನದು. ಮೊದಲು ಮಾಲೀಕರು ಯಾರು ಎಂದು ನೋಡಿ. ಸರ್ಕಾರ ಮೊದಲ ಒಡೆಯನಾಗಿದ್ದರೆ 28ನೇ ಕಲಂ, ಎಚ್‌ಎಎಲ್‌ನಂಥ ಸಾರ್ವಜನಿಕ ಉದ್ಯಮವಾದರೆ 28ಎ: ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ. 1961ರಲ್ಲೇ ಪ್ರಕಟವಾಗಿದ್ದರೆ 2021ರ ಡಿಸೆಂಬರ್ 31ಕ್ಕೆ ಮುಗಿದಿದೆ, ಭಾರತದಲ್ಲಿ ಮುಕ್ತ. ತೆಗೆದದ್ದು 1961ರಲ್ಲಿ, ಪ್ರಕಟವಾದದ್ದು 1985ರ ಸ್ಮರಣ ಸಂಚಿಕೆಯಲ್ಲಿ ಎಂದಾದರೆ ಲೆಕ್ಕ ಶುರುವಾಗುವುದೇ 1986ರಿಂದ. ಖಾಸಗಿ ಛಾಯಾಗ್ರಾಹಕರದ್ದಾದರೆ ಇನ್ನೂ ಉದ್ದ: ಫೋಟೋಗಳಿಗೆ ಮಾತ್ರ ಪ್ರಕಟಣೆಯಿಂದ 60 ವರ್ಷ ಎನ್ನುತ್ತಿದ್ದ 25ನೇ ಕಲಮನ್ನು 2012ರ ತಿದ್ದುಪಡಿ ತೆಗೆದುಹಾಕಿತು. ಆಗ ಅವಧಿ ಮುಗಿಯದೆ ಇದ್ದ ಚಿತ್ರಗಳಿಗೆ ಕರ್ತೃವಿನ ಜೀವಿತಾವಧಿ ಮತ್ತು ಆಮೇಲೆ 60 ವರ್ಷ ಎಂದೇ ಹಿಡಿಯುವುದು ಸುರಕ್ಷಿತ. ಇಷ್ಟೆಲ್ಲ ಆಗಿ ನೀವು ಅಪ್‌ಲೋಡ್ ಮಾಡುವ ಸರ್ವರ್ ಅಮೆರಿಕದಲ್ಲಿದ್ದರೆ ಅಲ್ಲಿನ ಲೆಕ್ಕ ಬೇರೆ. 1996ರಲ್ಲಿ ಭಾರತದಲ್ಲಿ ಜೀವಂತವಾಗಿದ್ದ ಸ್ವಾಮ್ಯಕ್ಕೆ ಅಲ್ಲಿ ಪ್ರಕಟಣೆಯಿಂದ 95 ವರ್ಷ ಸಿಕ್ಕಿದೆ, 1961ರ ಚಿತ್ರಕ್ಕೆ 2056ರ ಕೊನೆವರೆಗೆ. ಹಾಗಾಗಿ ಹಳೆಯ ಚಿತ್ರಗಳನ್ನು ನೋಡಲು ಇಟ್ಟುಕೊಳ್ಳಿ, ಪ್ಯಾಕೇಜ್ ಒಳಗೆ ಹಾಕಬೇಡಿ.

ಯಾರು ಕೇಳುತ್ತಾರೆ ಎಂದಿರಿ. ಬಹುಪಾಲು ಯಾರೂ ಕೋರ್ಟಿಗೆ ಹೋಗುವುದಿಲ್ಲ, ಡೌನ್‌ಲೋಡ್ ಸೈಟಿಗೆ ಒಂದು ನೋಟಿಸ್ ಕಳಿಸುತ್ತಾರೆ. ಭಾರತದ ನಿಯಮದಲ್ಲಿ ಲಿಖಿತ ದೂರು ಸಿಕ್ಕ 36 ಗಂಟೆಯೊಳಗೆ ಸೈಟು ಅದನ್ನು ಮರೆಮಾಡಬೇಕು. 21 ದಿನದೊಳಗೆ ದೂರುದಾರರು ಕೋರ್ಟ್ ಆದೇಶ ತರದಿದ್ದರೆ ಮತ್ತೆ ತೆರೆಯಬಹುದು. ಅಮೆರಿಕದ ಸೈಟಾದರೆ ಡಿಎಂಸಿಎ ಎಂಬ ಅಲ್ಲಿನ ಕಾಯ್ದೆ. ಪ್ರತಿ-ನೋಟಿಸ್ ಕೊಡಲು ನಿಮ್ಮ ನಿಜ ಹೆಸರು, ವಿಳಾಸ ಕೊಟ್ಟು, ಸುಳ್ಳಾದರೆ ಶಿಕ್ಷೆಗೆ ಒಪ್ಪಿ, ಅಲ್ಲಿನ ಕೋರ್ಟಿನ ವ್ಯಾಪ್ತಿಗೂ ಒಪ್ಪಿಕೊಳ್ಳಬೇಕು. ಒಂದು ರೆಕ್ಕೆಯ ತುಂಡಿಗೆ ನೋಟಿಸ್ ಬಂದರೂ ಇಳಿಯುವುದು ಇಡೀ ಪ್ಯಾಕೇಜು.

ಯಮಲೂರು_ಸ್ಪಾಟರ್

ಫೋಟೋ ತೆಗೆಯೋರ ಕಡೆಯಿಂದ ಒಂದೆರಡು ಮಾತು. ಟೆಕ್ಸ್ಚರ್‌ನಲ್ಲಿ ಯಾರ ಚಿತ್ರ ಅಂತ ಗುರುತಿಸೋದು ಕಷ್ಟ ಅಂದ್ಕೊಂಡಿದ್ದೀರಾ? ಎಣ್ಣೆ ಸೋರಿದ ಗೆರೆ, ಬಣ್ಣ ಕಿತ್ತುಬಂದ ಜಾಗ, ರೆಕ್ಕೆ ನೆರಳು ಮೈಮೇಲೆ ಬಿದ್ದ ಕೋನ, ಇವು ಆ ದಿನ ಆ ಗಂಟೆಗೆ ಮಾತ್ರ ಹಾಗಿರುತ್ತವೆ. ತೆಗೆದವರು ಸ್ಕ್ರೀನ್‌ಶಾಟ್ ನೋಡಿದ ತಕ್ಷಣ ಹೇಳ್ತಾರೆ. ಎಐಗೆ ಕೊಟ್ಟು ದೊಡ್ಡದು ಮಾಡಿಸಿದರೂ ಆ ಗೆರೆಗಳು ಹೋಗಲ್ಲ.

ಕೇಳೋದರಿಂದ ಕಾನೂನಿನ ಲಾಭಕ್ಕಿಂತ ಕೆಲಸದ ಲಾಭ ಜಾಸ್ತಿ. ಸೈಟಿನಲ್ಲಿರೋದು ಕುಗ್ಗಿಸಿ, ಕತ್ತರಿಸಿ, ಶಾರ್ಪನ್ ಮಾಡಿದ ಪ್ರತಿ. ಮೂಲ ಕಡತ 6000 ಪಿಕ್ಸೆಲ್ ಇರಬಹುದು. ಎಫ್‌ಸ್ಪೈ (ಫೋಟೋ ನೋಡಿ ಕ್ಯಾಮರಾ ಇದ್ದ ಜಾಗ, ಕೋನ ಲೆಕ್ಕ ಹಾಕೋ ತಂತ್ರಾಂಶ) ಹಾಕಿ ಬ್ಲೆಂಡರ್‌ಗೆ ಕ್ಯಾಮರಾ ಕೂಡಿಸೋರು ಗಮನಿಸಿ: ಕತ್ತರಿಸಿದ ಚಿತ್ರದಲ್ಲಿ ಲೆನ್ಸಿನ ಮಧ್ಯಬಿಂದು ಚಿತ್ರದ ಮಧ್ಯದಲ್ಲಿ ಇರಲ್ಲ, ಲೆಕ್ಕ ತಪ್ಪುತ್ತೆ. ಅದರ ಮೇಲೆ 400 ಎಂಎಂ ಲೆನ್ಸಲ್ಲಿ ತೆಗೆದಿದ್ದರೆ ಗೆರೆಗಳು ಬಹುತೇಕ ಸಮಾನಾಂತರ. ಅವು ಕೂಡೋ ಬಿಂದು ಎಲ್ಲೋ ದೂರ, ಒಂದೆರಡು ಪಿಕ್ಸೆಲ್ ಆಚೀಚೆ ಆದರೂ ಫಲಿತಾಂಶ ಕುಣಿಯುತ್ತೆ. ಕತ್ತರಿಸದ ಕಡತ ಮತ್ತು ಫೋಕಲ್ ಲೆಂತ್ ಸಿಕ್ಕಿದರೆ ಎಫ್‌ಸ್ಪೈ ಬೇಕೇ ಇಲ್ಲ. ಬ್ಲೆಂಡರ್ ಕ್ಯಾಮರಾದಲ್ಲಿ ಫೋಕಲ್ ಲೆಂತ್ ಹಾಕಿ, ಸೆನ್ಸರ್ ಅಗಲ ಫುಲ್ ಫ್ರೇಮ್‌ಗೆ 36 ಎಂಎಂ, ಕ್ಯಾನನ್‌ನ ಚಿಕ್ಕ ಸೆನ್ಸರ್‌ಗೆ 22.3, ನಿಕಾನ್‌ಗೆ 23.5 ಕೊಟ್ಟರೆ ಆಯ್ತು, ಆಮೇಲೆ ಕೈಯಲ್ಲೇ ಹೊಂದಿಸಬಹುದು.

ಕೇಳಬೇಕಾದ್ದು ಛಾಯಾಗ್ರಾಹಕರನ್ನ, ಸೈಟನ್ನಲ್ಲ. ಅವರ ಪ್ರೊಫೈಲಲ್ಲೇ ಸಂಪರ್ಕದ ದಾರಿ ಇರುತ್ತೆ. ‘ಹಕ್ಕು ನಿಮ್ಮ ಹತ್ತಿರವೇ ಇದೆಯಾ’ ಅಂತಲೂ ಕೇಳಿ. ದುಡ್ಡು ಕೊಟ್ಟು ತೆಗೆಸಿದ ಫೋಟೋ ಆದರೆ ಬೇರೆ ಒಪ್ಪಂದ ಇಲ್ಲದಿದ್ದರೆ ಮೊದಲ ಒಡೆಯರು ತೆಗೆಸಿದವರು. ‘ನಿಮ್ಮ ಫೋಟೋ ಬಳಸಲೇ ಸರ್?’ ಅನ್ನೋ ಒಂದು ಸಾಲಿಗೆ ಉತ್ತರ ಬರಲ್ಲ, ಬಂದರೂ ಉಪಯೋಗ ಇಲ್ಲ. ಹೀಗೆ ಬರೀರಿ:

‘ನಮಸ್ಕಾರ. ನೀವು ತೆಗೆದ ಮರುತ್‌ನ ಈ ಚಿತ್ರದಿಂದ (ಕೊಂಡಿ) ಎಡ ಬಾಲದ ಭಾಗವನ್ನು ಎಕ್ಸ್-ಪ್ಲೇನ್ 12ರ ಉಚಿತ ಆಡ್-ಆನ್ ವಿಮಾನದ ಟೆಕ್ಸ್ಚರ್‌ನಲ್ಲಿ ಮಾರ್ಪಡಿಸಿ ಬಳಸಲು ಅನುಮತಿ ಕೋರುತ್ತೇನೆ. ಬಳಕೆ ವಿಶ್ವಾದ್ಯಂತ, ಕೃತಿಸ್ವಾಮ್ಯ ಇರುವಷ್ಟು ಕಾಲ, ಆಡ್-ಆನ್ ಯಾವಾಗ ಬಿಡುಗಡೆಯಾದರೂ ಅನ್ವಯ. ಬೇರೆಯವರು ಇದೇ ಟೆಕ್ಸ್ಚರ್ ಮೇಲೆ ಹೊಸ ಬಣ್ಣ ಹಾಕಿ ಉಚಿತವಾಗಿ ಹಂಚಬಹುದು. ಮಾರಾಟವಿಲ್ಲ, ಮುಂದೆ ಮಾರಾಟದ ಯೋಚನೆ ಬಂದರೆ ಮತ್ತೆ ಕೇಳುತ್ತೇನೆ. ನಿಮ್ಮ ಹೆಸರು ಹೇಗೆ ಬರಬೇಕು ತಿಳಿಸಿ. ಬಳಸಿದ ಭಾಗದ ಚಿತ್ರ ಲಗತ್ತಿಸಿದ್ದೇನೆ.’

ಉತ್ತರ ಬರದಿದ್ದರೆ ಅದನ್ನ ‘ಇಲ್ಲ’ ಅಂತಲೇ ಓದ್ಕೊಳ್ಳಿ. ಎರಡು ವಾರ ಬಿಟ್ಟು ಒಂದು ಸಲ ನೆನಪಿಸಿ, ಅಷ್ಟೇ.

ಕಲಂ_14ಸಿ

ಮೇಲಿನ ಪತ್ರದಲ್ಲಿ ‘ವಿಶ್ವಾದ್ಯಂತ’, ‘ಇರುವಷ್ಟು ಕಾಲ’, ‘ಯಾವಾಗ ಬಿಡುಗಡೆಯಾದರೂ’ ಎಂಬ ಮೂರನ್ನೂ ಬಿಡಬೇಡಿ, ಅಲಂಕಾರಕ್ಕೆ ಬರೆದದ್ದಲ್ಲ. 30ನೇ ಕಲಂ ಪ್ರಕಾರ ಪರವಾನಗಿ ಲಿಖಿತದಲ್ಲಿರಬೇಕು, ಇಮೇಲ್ ನಡೆಯುತ್ತದೆ. 30ಎ ಮೂಲಕ 19ನೇ ಕಲಮಿನ ನಿಯಮಗಳು ಪರವಾನಗಿಗೂ ತಗುಲುತ್ತವೆ: ಅವಧಿ ಹೇಳದಿದ್ದರೆ 5 ವರ್ಷ, ಪ್ರದೇಶ ಹೇಳದಿದ್ದರೆ ಭಾರತದೊಳಗೆ ಮಾತ್ರ, ಒಂದು ವರ್ಷದೊಳಗೆ ಬಳಸದಿದ್ದರೆ ಹಕ್ಕು ಬಿದ್ದುಹೋಗುತ್ತದೆ. ಹವ್ಯಾಸದ ವಿಮಾನ ಒಂದು ವರ್ಷದಲ್ಲಿ ಮುಗಿದದ್ದು ಯಾರು ಕಂಡಿದ್ದಾರೆ?

ರನ್‌ವೇ27

ಎಲ್ಲರಿಗೂ ಧನ್ಯವಾದ. ಹಾಗಾದರೆ ಮೊದಲನೆಯ ಮತ್ತು ಮೂರನೆಯ ಗುಂಪು ಬರೀ ನೋಡಲು. ಷ್ಲೈಸ್‌ಹೈಮ್ ಚಿತ್ರಗಳಲ್ಲಿ ಸಿಸಿ ಬೈ-ಎಸ್‌ಎ (ಹೆಸರು ಹೇಳಿ, ಅದೇ ಷರತ್ತಿನಲ್ಲಿ ಹಂಚಬೇಕೆನ್ನುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿ) 3.0, 4.0 ಎರಡೂ ಇವೆ. ಚಕ್ರದ ಗೂಡಿನೊಳಗಿನ ಕೊಳವೆ, ತಂತಿಗಳಿಗೆ ಅವನ್ನೇ ಬಳಸಿದರೆ? ಆ ಜಾಗ ಯಾರ ಕಣ್ಣಿಗೂ ಸರಿಯಾಗಿ ಬೀಳುವುದಿಲ್ಲ, ಬಿಡಿಸುವ ಶ್ರಮ ದಂಡ ಅನ್ನಿಸುತ್ತಿದೆ. ಫ್ಲೈಟ್‌ಗಿಯರ್ ಯೋಚನೆಯೂ ಇದೆ ಎಂದು ಹೇಳಿದ್ದೆ.

ಟೆಕ್ಸೆಲ್_ತಿಪ್ಪ

ಬಳಸಬಹುದು, ಷರತ್ತು ಓದಿಕೊಂಡು. ಎಸ್‌ಎ ಇದ್ದರೆ ಆ ಚಿತ್ರ ಬೆರೆತ ಟೆಕ್ಸ್ಚರ್ ಹಾಳೆಯನ್ನೂ ಅದೇ ಪರವಾನಗಿಯಲ್ಲಿ ಕೊಡಬೇಕು. ಆದ್ದರಿಂದ ಚಕ್ರದ ಗೂಡಿಗೆ ಬೇರೆ ಹಾಳೆ ಮಾಡಿ, 1024 ಸಾಕು. ಹೊರಮೈಯ ಹಾಳೆಗೆ ಅದರ ಸೋಂಕು ತಗುಲಬಾರದು. ಲೇಖಕರ ಹೆಸರು, ಚಿತ್ರದ ಕೊಂಡಿ, ಪರವಾನಗಿಯ ಹೆಸರು ಮತ್ತು ಕೊಂಡಿ, ಏನು ಬದಲಾಯಿಸಿದಿರಿ ಎಂಬ ಒಂದು ಸಾಲು, ಇಷ್ಟು ಕ್ರೆಡಿಟ್ ಕಡತದಲ್ಲಿ ಇರಲಿ. 3.0ರಲ್ಲಿ ಶೀರ್ಷಿಕೆ ಕೊಟ್ಟಿದ್ದರೆ ಅದನ್ನೂ ಹಾಕಬೇಕು. 4.0 ಸಿಗುವಲ್ಲಿ ಅದನ್ನೇ ಆರಿಸಿ: ಷರತ್ತು ತಪ್ಪಿದ್ದು ತಿಳಿದ 30 ದಿನದೊಳಗೆ ಸರಿಪಡಿಸಿದರೆ ಹಕ್ಕು ತಾನಾಗಿ ಮರಳುತ್ತದೆ. 3.0ರಲ್ಲಿ ತಪ್ಪಿದರೆ ಅಲ್ಲಿಗೇ ಮುಗಿಯಿತು. ಈ ಸಂದನ್ನೇ ಹಿಡಿದು ದುಡ್ಡು ಕೇಳುವವರೂ ಇದ್ದಾರೆ. ಎನ್‌ಸಿ (ವಾಣಿಜ್ಯ ಬಳಕೆ ಇಲ್ಲ), ಎನ್‌ಡಿ (ಮಾರ್ಪಾಡು ಇಲ್ಲ) ಎಂದಿರುವುದು ಬೇರೆ ಸೈಟುಗಳಲ್ಲಿ ಸಿಗುತ್ತದೆ. ಎನ್‌ಡಿ ಟೆಕ್ಸ್ಚರ್‌ಗೆ ಬರುವುದೇ ಇಲ್ಲ, ಏಕೆಂದರೆ ಮಾರ್ಪಡಿಸದೆ ಟೆಕ್ಸ್ಚರ್ ಆಗುವುದಿಲ್ಲ.

ಫ್ಲೈಟ್‌ಗಿಯರ್ ಬೇರೆ ಕಥೆ. ಅವರ ಎಫ್‌ಜಿಆಡಾನ್ ಸಂಗ್ರಹಕ್ಕೆ ಜಿಪಿಎಲ್ (ಮುಕ್ತ ತಂತ್ರಾಂಶದ ಪರವಾನಗಿ) ಆವೃತ್ತಿ 2ಕ್ಕೆ ಹೊಂದುವ ವಸ್ತು ಮಾತ್ರ. ಸಿಸಿ ಬೈ-ಎಸ್‌ಎ 4.0 ಹೊಂದುವುದು ಜಿಪಿಎಲ್ 3ಕ್ಕೆ, ಅದೂ ಒಂದೇ ದಿಕ್ಕಿನಲ್ಲಿ, 3.0 ಯಾವುದಕ್ಕೂ ಹೊಂದುವುದಿಲ್ಲ. ಸಿಸಿ0 (ಎಲ್ಲ ಹಕ್ಕು ಬಿಟ್ಟುಕೊಟ್ಟದ್ದು) ಅಥವಾ ಸಿಸಿ ಬೈ 4.0 (ಹೆಸರು ಹೇಳಿದರೆ ಸಾಕೆನ್ನುವುದು) ಆದರೆ ಸರಿ. ಅಲ್ಲಿಗೂ ಕೊಡುವುದಾದರೆ ಗೂಡಿನ ಕೊಳವೆಗಳನ್ನು ನೀವೇ ಬಿಡಿಸಬೇಕು, ಬೇರೆ ದಾರಿ ಇಲ್ಲ. ಸ್ಪಾಟರ್ ಅವರ ಪತ್ರದಂತೆ ‘ಮಾರಾಟವಿಲ್ಲ’ ಎಂದು ಪಡೆದ ಅನುಮತಿಯೂ ಜಿಪಿಎಲ್‌ಗೆ ನಡೆಯುವುದಿಲ್ಲ, ಏಕೆಂದರೆ ಜಿಪಿಎಲ್ ಮಾರಾಟವನ್ನು ತಡೆಯಲು ಬಿಡುವುದಿಲ್ಲ. ಎರಡು ಸಿಮ್ಯುಲೇಟರ್ ಮನಸ್ಸಿನಲ್ಲಿದ್ದರೆ ಮೊದಲೇ ಬಿಗಿ ಇರುವ ಕಡೆಯ ನಿಯಮ ಹಿಡಿದು ಮಾಡಿ.

ಬಿಡುಗಡೆಗೆ ಮುಂಚೆ ಇದನ್ನು ನೋಡಿಕೊಳ್ಳಿ, ಜನ ಸಿಕ್ಕಿಬೀಳುವುದೇ ಇಲ್ಲಿ. ಅಂತಿಮ ಟೆಕ್ಸ್ಚರ್ ಶುದ್ಧವಾಗಿರುತ್ತದೆ, ಜೊತೆಗೆ ಕೊಡುವ ಪೇಂಟ್ ಕಿಟ್‌ನಲ್ಲಿ (ಬೇರೆಯವರು ಹೊಸ ಬಣ್ಣ ಹಾಕಲು ಕೊಡುವ ಪದರಗಳ ಕಡತ) ಕಣ್ಣು ಮುಚ್ಚಿಟ್ಟ ಪದರದಲ್ಲಿ ಫೋಟೋ ಹಾಗೇ ಇರುತ್ತದೆ. ಮರೆಮಾಡಿದ ಪದರವೂ ಹಂಚಿದಂತೆಯೇ ಲೆಕ್ಕ. ಜಿಂಪ್ ಕಡತದಲ್ಲಿ ಆ ಪದರಗಳನ್ನು ಅಳಿಸಿ ಹೊಸ ಹೆಸರಿನಲ್ಲಿ ಉಳಿಸಿ. ಬ್ಲೆಂಡರ್ ಕಡತ ಹಂಚುವುದಾದರೆ ಔಟ್‌ಲೈನರ್‌ನಲ್ಲಿ ಬ್ಲೆಂಡರ್ ಫೈಲ್ ನೋಟಕ್ಕೆ ಹೋಗಿ ಇಮೇಜಸ್ ಪಟ್ಟಿ ತೆರೆಯಿರಿ. ಪ್ಯಾಕ್ ಆಗಿ ಕೂತ ಆಧಾರ ಚಿತ್ರಗಳು ಅಲ್ಲಿ ಸಿಗುತ್ತವೆ. ತೆಗೆದು, ಬಳಕೆಯಲ್ಲಿಲ್ಲದ್ದನ್ನು ಪರ್ಜ್ ಮಾಡಿ, ಉಳಿಸಿ, ಕಡತದ ಗಾತ್ರ ಇಳಿಯಿತೇ ನೋಡಿ. ಗಿಟ್‌ನಲ್ಲಿ (ಪ್ರತಿ ಬದಲಾವಣೆಯನ್ನೂ ‘ಕಮಿಟ್’ ಆಗಿ ಉಳಿಸಿಡುವ ವ್ಯವಸ್ಥೆ) ಇಟ್ಟಿದ್ದರೆ ಇಂದು ಅಳಿಸಿದ ಫೋಟೋ ಹಳೆಯ ಕಮಿಟ್‌ನಲ್ಲಿ ಉಳಿದೇ ಇರುತ್ತದೆ. ಗಿಟ್ ಫಿಲ್ಟರ್-ರೆಪೊ ಓಡಿಸಿ ಇತಿಹಾಸ ತಿದ್ದಬೇಕು, ಇಲ್ಲವೇ ಸಾರ್ವಜನಿಕಕ್ಕೆ ಹೊಸ ರೆಪೊ ತೆರೆಯಬೇಕು.

ಗಾಳಿಪಟ_ಹುಬ್ಬಳ್ಳಿ

ಪಟ್ಟಿ ಕತ್ತರಿಸೂ ಮಾತು ವಾಪಸ್ ತಗೊಂಡೆರೀ! ಒಂದು ಪ್ರಶ್ನಿ. ಹಳೇ ಏರ್ ಡೆಕ್ಕನ್ ಕಂಪನಿ ಎಟಿಆರ್ ವಿಮಾನ ಪೇಂಟ್ ಮಾಡೂ ವಿಚಾರ ಐತಿ, ಅದರ ಮ್ಯಾಲೆ ಲಕ್ಷ್ಮಣ್ ಅವರ ಕಾಮನ್ ಮ್ಯಾನ್ ಇರಬೇಕು. ಅದನ್ನ ಫೋಟೋದಿಂದ ತಗೀದೆ, ಕೈಲೇ ಬಿಡಿಸಿದ್ರ ನಡೀತದಲ್ಲ?

ಕಲಂ_14ಸಿ

ಫೋಟೋದವರಿಂದ ತಪ್ಪಿಸಿಕೊಂಡಿರಿ, ವ್ಯಂಗ್ಯಚಿತ್ರಕಾರರ ಕೈಗೆ ಸಿಕ್ಕಿದಿರಿ. ಅಲ್ಲಿ ವಿಮಾನದ ಮೇಲಿರುವುದೇ ಒಂದು ಕಲಾಕೃತಿ. ಕೈಯಲ್ಲಿ ಬಿಡಿಸಿದರೂ ಅದು ಅದರ ನಕಲೇ. ಆರ್.ಕೆ. ಲಕ್ಷ್ಮಣ್ 2015ರ ಜನವರಿಯಲ್ಲಿ ತೀರಿಕೊಂಡರು, ಆದ್ದರಿಂದ ಸ್ವಾಮ್ಯ 2075ರ ಕೊನೆವರೆಗೆ. ಕಂಪನಿಯ ಹೆಸರು, ಲಾಂಛನಗಳದು ಟ್ರೇಡ್‌ಮಾರ್ಕ್ ವಿಷಯ, ಅದು ಬೇರೆ. ಉಚಿತ ಪೇಂಟ್‌ಗಳ ವಿಷಯದಲ್ಲಿ ವಿಮಾನ ಕಂಪನಿಗಳು ಸುಮ್ಮನಿರುವುದು ಸಾಮಾನ್ಯ, ಆದರೆ ಸುಮ್ಮನಿರುವುದು ಅನುಮತಿಯಲ್ಲ. ಇನ್ನೊಂದು: ಖರೀದಿಸಿದ ಎಟಿಆರ್ ಆಡ್-ಆನ್ ಆದರೆ ಅದರ ಒಪ್ಪಂದ ಓದಿ, ನೀವು ಬದಲಾಯಿಸಿದ ಟೆಕ್ಸ್ಚರ್ ಮಾತ್ರ ಪ್ಯಾಕ್ ಮಾಡಿ, ಉಳಿದದ್ದನ್ನು ಮೂಲ ಫೋಲ್ಡರ್‌ನಿಂದಲೇ ಓದಿಸಿ. ಇಡೀ ಫೋಲ್ಡರ್ ಜಿಪ್ ಮಾಡಿ ಹಾಕಿದರೆ ತಯಾರಕರೇ ಮೊದಲು ನೋಟಿಸ್ ಕಳಿಸುತ್ತಾರೆ.

ರನ್‌ವೇ27

ನಾಲ್ಕನೇ ಗುಂಪು, ಅಂದರೆ ನನ್ನವೇ ಮೊಬೈಲ್ ಚಿತ್ರಗಳು, ಬಳಸಲು ಅಡ್ಡಿಯಿಲ್ಲವಷ್ಟೆ? ಹತ್ತಿರದಿಂದ ತೆಗೆದವು ಸ್ವಲ್ಪ ಬಾಗಿದಂತೆ ಕಾಣುತ್ತಿವೆ.

ಯಮಲೂರು_ಸ್ಪಾಟರ್

ಸ್ವಾಮ್ಯ ನಿಮ್ಮದೇ. ಟಿಕೆಟ್ ಹಿಂದೆ ಅಥವಾ ಬಾಗಿಲಲ್ಲಿ ವಾಣಿಜ್ಯ ಬಳಕೆ ಬಗ್ಗೆ ಷರತ್ತು ಇದೆಯಾ ಅಂತ ಮಾತ್ರ ನೋಡಿ, ಅದು ಒಪ್ಪಂದದ ವಿಷಯ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಸಂಗ್ರಹಾಲಯದಲ್ಲೂ ಒಂದು ಮರುತ್ ಇದೆ, ಎರಡನ್ನೂ ಹೋಲಿಸಿ. ವಾಯುನೆಲೆ, ರಕ್ಷಣಾ ಜಾಗಗಳ ಕಡೆ ಕ್ಯಾಮರಾ ಎತ್ತಬೇಡಿ.

ಬಾಗಿರೋದು ಮೊಬೈಲಿನ ಅಗಲ ಲೆನ್ಸಿಂದ. 2 ಅಥವಾ 3 ಪಟ್ಟು ಇರೋ ಲೆನ್ಸ್ ಹಾಕಿ, ಹಿಂದಕ್ಕೆ ಸರಿದು ನಿಂತು, ಪ್ಯಾನೆಲ್‌ಗೆ ನೇರ ಎದುರಾಗಿ ತೆಗೀರಿ. ಮೋಡ ಕವಿದ ದಿನ ಹೋಗಿ. ನೆರಳು ಗಟ್ಟಿಯಾಗಿ ಬೀಳಲ್ಲ, ಬಣ್ಣದ ಹಾಳೆಗೆ ಬೇಕಾದ್ದೇ ಅದು. ಪ್ರತಿ ತುಂಡಿನ ಪಕ್ಕ ಅಳತೆ ಪಟ್ಟಿ ಹಿಡಿದು ಒಂದು, ಇಲ್ಲದೆ ಒಂದು. ಎಕ್ಸ್‌ಪೋಷರ್ ಮತ್ತು ವೈಟ್ ಬ್ಯಾಲೆನ್ಸ್ ಲಾಕ್ ಮಾಡಿ, ಬೂದು ಕಾರ್ಡ್ ಒಂದು ಚಿತ್ರದಲ್ಲಿ ಬರಲಿ. ಮೆಶ್‌ರೂಮ್ ತಂತ್ರಾಂಶ ಹಾಕಿ ಫೋಟೋಗಳಿಂದಲೇ ಮೂರು ಆಯಾಮದ ಆಕಾರ ತೆಗೆಯೋ ಯೋಚನೆ ಇದ್ದರೆ ಪಕ್ಕಪಕ್ಕದ ಚಿತ್ರಗಳು 70 ಶೇಕಡದಷ್ಟು ಒಂದರ ಮೇಲೊಂದು ಬರಬೇಕು. ಹೊಳಪಿನ ಬಣ್ಣ, ಕ್ಯಾನೊಪಿ ಗಾಜು ಎರಡೂ ಅದರಲ್ಲಿ ಕೈಕೊಡುತ್ತವೆ.

ಸಂಗ್ರಹಾಲಯದ ವಿಮಾನ ನಂಬಿ ಮೋಸ ಹೋಗಬೇಡಿ. ಮೇಲಿಂದ ಮೇಲೆ ಬಳಿದ ದಪ್ಪ ಬಣ್ಣದಲ್ಲಿ ರಿವೆಟ್ ಮುಚ್ಚಿಹೋಗಿರಬಹುದು, ಗುರುತುಗಳ ಗಾತ್ರ ಸೇವೆಯಲ್ಲಿದ್ದಾಗಿನದ್ದೇ ಅಂತ ಹೇಳಕ್ಕಾಗಲ್ಲ. ಎಂಜಿನ್, ಇಂಧನ ಇಲ್ಲದ ವಿಮಾನದ ಕಾಲುಗಳು ಎತ್ತರಕ್ಕೆ ನಿಂತಿರುತ್ತವೆ, ಇಲ್ಲವೇ ಅನಿಲ ಸೋರಿ ಪೂರ್ತಿ ಕುಸಿದಿರುತ್ತವೆ. ಲ್ಯಾಂಡಿಂಗ್ ಗೇರ್ ಎತ್ತರವನ್ನ ಅಲ್ಲಿಂದ ಅಳೀಬೇಡಿ, ಸೇವೆಯಲ್ಲಿದ್ದಾಗಿನ ಚಿತ್ರ ನೋಡಿ ಹೊಂದಿಸಿ. ಮೊದಲನೇ ಗುಂಪಿನ ಫೋಟೋಗಳು ಅದಕ್ಕೆ ಉಪಯೋಗಕ್ಕೆ ಬರ್ತವೆ.